ಮೊಮೊ ಮಹಾರಾಜರ ಪರ್ಮಿಟ್

ಗೋವಾವನ್ನು ವರ್ಷಕ್ಕೆ ನಾಲ್ಕು ದಿನ, ಕಾರ್ನಿವಲ್ ಹಬ್ಬದಲ್ಲಿ, ಒಬ್ಬ ರಾಜ ಆಳುತ್ತಾನೆ. ಹೆಸರು ಕಿಂಗ್ ಮೊಮೊ. ಚಟ್ನಿಯಲ್ಲಿ ಅದ್ದಿ ತಿನ್ನುವ ಮೊಮೊ ಅಲ್ಲ. ತಲೆಗೆ ಕಿರೀಟ, ಮೈಮೇಲೆ ಮಿರಿಮಿರಿ ನಿಲುವಂಗಿ. ಗಾಡಿ ಮೇಲೆ ನಿಂತು ಒಂದೇ ಆಜ್ಞೆ ಹೊರಡಿಸುತ್ತಾನೆ: ‘ಖಾ, ಪಿಯೆ ಆನಿ ಮಜಾ ಕರ್.’ ತಿನ್ನು, ಕುಡಿ, ಮಜಾ ಮಾಡು. ಬೂದಿ ಬುಧವಾರದಿಂದ ಕ್ರೈಸ್ತರಿಗೆ ನಲವತ್ತು ದಿನದ ಉಪವಾಸ, ವ್ರತದ ತಪಸ್ಸುಕಾಲ ಶುರುವಾಗುತ್ತೆ, ಅಷ್ಟರೊಳಗೆ ಎಲ್ಲ ಮುಗಿಸಿಕೊಳ್ಳಿ ಅಂತ.

ಪೋರ್ಚುಗೀಸರು ತಂದ ಹಬ್ಬ ಇದು. ಕೊಂಕಣಿಯಲ್ಲಿ ಇಂತ್ರೂಜ್. ಸಿಕ್ಕವರ ಮೇಲೆ ಹಿಟ್ಟು ಎರಚುವ, ಮುಖವಾಡ ಹಾಕಿಕೊಂಡು ದೊಡ್ಡವರನ್ನು ಗೇಲಿ ಮಾಡುವ ಹಬ್ಬ. 1961ರಲ್ಲಿ ಪೋರ್ಚುಗೀಸರು ಹೋದರು, ಹಬ್ಬ ಉಳಿಯಿತು. ಆಮೇಲೆ ಪ್ರವಾಸೋದ್ಯಮ ಇಲಾಖೆ ಕೈ ಹಾಕಿತು. ಈಗ ಪಣಜಿಯ ಮೆರವಣಿಗೆಗೆ ಬಾವುಟ ಬೀಸುವುದು ಮುಖ್ಯಮಂತ್ರಿ. ರಾಜನ ಆಯ್ಕೆಯೂ ಸರ್ಕಾರದ್ದೇ. ಸರ್ಕಾರವನ್ನು ಗೇಲಿ ಮಾಡಬೇಕಾದವನಿಗೆ ಸರ್ಕಾರಿ ನೇಮಕಾತಿ! ಶಿಸ್ತು ಮುರಿಯೋಕೂ ಮೇಲಿನವರ ಸಹಿ ಬೇಕು.

ನಾನು ನೋಡಿದ ಮೆರವಣಿಗೆಯಲ್ಲಿ ರಾಜ ‘ಕುಡಿ’ ಅಂತ ಹೇಳಿ ಮುಂದೆ ಹೋದ. ಅವನ ಬೆನ್ನಿಗೇ ‘ಕುಡಿದು ಗಾಡಿ ಓಡಿಸಬೇಡಿ’ ಸ್ತಬ್ಧಚಿತ್ರ ಬಂತು. ಅದರ ಹಿಂದೆ ‘ಕಾಡು ಉಳಿಸಿ’. ಲಾರಿ ತುಂಬ ಹಸಿರು ಬಳಿದ ಥರ್ಮಕೋಲ್ ಮರಗಳು. ಮರದಡಿ ಹುಲಿವೇಷದ ಹುಡುಗ. ಸೆಕೆ ತಡೆಯಲಾರದೆ ಹುಲಿಯ ತಲೆ ಕಳಚಿ ಕಂಕುಳಲ್ಲಿ ಇಟ್ಟುಕೊಂಡು ಪ್ಲಾಸ್ಟಿಕ್ ಬಾಟಲಿಯಿಂದ ನೀರು ಕುಡಿಯುತ್ತಿದ್ದ. ಹಿಂದೆ ಒಂದು ಜನರೇಟರ್ ಕಪ್ಪು ಹೊಗೆ ಉಗುಳುತ್ತಾ ಇಡೀ ಕಾಡಿಗೆ ಕರೆಂಟು ಕೊಡುತ್ತಿತ್ತು. ಜನರೇಟರ್ ಮೇಲೂ ಪ್ರಾಯೋಜಕರ ಬ್ಯಾನರ್.

ಹಳ್ಳಿ ಕಡೆ ಹೋದರೆ ಕಥೆ ಬೇರೆ. ಅಲ್ಲಿ ‘ಖೆಳ್’ ನಾಟಕದವರು ಈಗಲೂ ದೊಡ್ಡವರ ಕಾಲೆಳೆಯುತ್ತಾರೆ. ಚಾಂದೋರ್‌ನಲ್ಲಿ ಕಾರ್ನಿವಲ್‌ನ ಸೋಮವಾರ ರಾತ್ರಿ ಕ್ರೈಸ್ತ ಮನೆತನಗಳವರು ಒನಕೆ ಹಿಡಿದು ‘ಮುಸಳ್ ಖೇಳ್’ ಕುಣಿಯುತ್ತಾರೆ. ಚಾಂದೋರ್ ಅಂದರೆ ಗೋವೆಯ ಕದಂಬರ ರಾಜಧಾನಿಯಾಗಿದ್ದ ಚಂದ್ರಪುರ. ಅಷ್ಟು ಹಳೇ ಊರು, ಅಂಥ ಕುಣಿತ. ಪ್ರವಾಸಿಗರು ಮಾತ್ರ ಪಣಜಿಯ ಥರ್ಮಕೋಲ್ ಹತ್ತಿರವೇ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಒನಕೆಗೆ ಬ್ಯಾನರ್ ಕಟ್ಟೋಕೆ ಜಾಗ ಇಲ್ಲ ನೋಡಿ.

ರಾಜಾಜ್ಞೆಯನ್ನು ಚಾಚೂ ತಪ್ಪದೆ ಪಾಲಿಸುವವರು ನಮ್ಮವರು. ಹುಬ್ಬಳ್ಳಿಯ ಗೆಳೆಯನಂತೂ ಉಳಿದ ಆಜ್ಞೆಯನ್ನು ಮನೆಯಲ್ಲಿ ಪಾಲಿಸೋಣ ಅಂತ ಕಾರಿನ ಡಿಕ್ಕಿಯಲ್ಲಿ ಮದ್ಯದ ಬಾಟಲಿ ತುಂಬಿಕೊಂಡಿದ್ದ. ಗಡಿಯ ಚೆಕ್‌ಪೋಸ್ಟ್‌ನಲ್ಲಿ ತೆಗೆಸಿದರು.

‘ಏನ್ರೀ ಇದು?’

‘ಕಿಂಗ್ ಮೊಮೊ ಹೇಳ್ಯಾರ್ರೀ, ಸರ.’

‘ಹೌದೇನು? ಹಂಗಾರ ಅವರ ಪರ್ಮಿಟ್ ತೋರ್ಸ್ರಿ.’