ಗಿಡ ನೆಟ್ಟರೆ ಲೆಕ್ಕ ಚುಕ್ತಾ ಆಗುವುದಿಲ್ಲ

ಸುಟ್ಟ ಡೀಸೆಲ್, ಕಲ್ಲಿದ್ದಲಿನ ಹಾನಿಯನ್ನು ಗಿಡ ನೆಟ್ಟು ಸರಿಪಡಿಸಬಹುದು ಎಂಬ ಲೇಖನವೊಂದರ ಮಾತು ಒಪ್ಪಲಾಗದು. ಮರ ಕೊಳೆತರೆ, ಸುಟ್ಟರೆ ಹೀರಿದ ಇಂಗಾಲ ಮತ್ತೆ ಗಾಳಿಗೆ. ಕೈಗಾರಿಕಾ ಯುಗಕ್ಕೂ ಮುಂಚೆ ಹತ್ತು ಲಕ್ಷಕ್ಕೆ 280 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ನಾಳೆಯೇ ಹೊಗೆ ನಿಂತರೂ ಅದರಿಂದ ಏರಿದ ಭೂಮಿಯ ತಾಪ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ, ಇಳಿಯುವುದಿಲ್ಲ. ಇಳಿಸಬೇಕೆಂದರೆ ಇಂಗಾಲ ತೆಗೆದು, ಹೊರಬಾರದಂತೆ ಇಡಬೇಕು.

ಗದಗ, ಹಾವೇರಿ ಕಡೆ ಅದಕ್ಕೊಂದು ದಾರಿ ಹೊಲದಲ್ಲೇ ಬಿದ್ದಿದೆ: ಹತ್ತಿ ಕಟ್ಟಿಗೆ. ಬದುವಿಗೆ ಒಟ್ಟಿ ಸುಟ್ಟರೆ ಎಲ್ಲಾ ಗಾಳಿಪಾಲು. ಬದಲಿಗೆ ಮೇಲೆ ಅಗಲ, ತಳ ಕಿರಿದಾದ ಗುಂಡಿ ತೆಗೆದು, ಒಣಗಿದ ಕಟ್ಟಿಗೆಗೆ ಮೇಲಿನಿಂದ ಬೆಂಕಿ ಕೊಡಿ. ಕೆಂಡದ ಮೇಲೆ ಬಿಳಿ ಬೂದಿ ಕಾಣತೊಡಗಿದ ಕೂಡಲೇ ಮುಂದಿನ ಪದರು ಹಾಕಿ. ಮೇಲಿನ ಜ್ವಾಲೆ ಆಮ್ಲಜನಕ ಕಬಳಿಸುವುದರಿಂದ ಕೆಳಗಿನದು ಇದ್ದಿಲಾಗಿ ಉಳಿಯುತ್ತದೆ; ಗಿಡ ಹೀರಿದ ಇಂಗಾಲದ ಒಂದು ಭಾಗ ಅದರಲ್ಲೇ ಉಳಿದು, ಮಣ್ಣಿಗೆ ಸೇರಿದರೂ ಬೇಗ ಕೊಳೆಯದು. ಕೊನೆಗೆ ನೀರು ಹೊಯ್ದು ಪೂರ್ತಿ ಆರಿಸಿ. ಒಳಗೆ ಕೆಂಡ ಉಳಿದರೆ ಬೆಳಗಾಗುವಷ್ಟರಲ್ಲಿ ಬೂದಿ. ಹಸಿ ಕಟ್ಟಿಗೆ ಹಾಕಿದರೆ ದಟ್ಟ ಹೊಗೆ, ಜೊತೆಗೆ ತಾಪ ಏರಿಸುವ ಮೀಥೇನ್ ಅನಿಲ.

ಐದು ಕಿಲೋ ಒಣ ಕಟ್ಟಿಗೆಗೆ ಸುಮಾರು ಒಂದು ಕಿಲೋ ಇದ್ದಿಲು. ಅದು ಸರಿದೂಗಿಸುವುದು ಹೆಚ್ಚೆಂದರೆ ಒಂದು ಲೀಟರ್ ಡೀಸೆಲ್‌ನ ಹೊಗೆ. ಟ್ರ್ಯಾಕ್ಟರಿನ 50 ಲೀಟರ್ ಟ್ಯಾಂಕಿಗೆ 250 ಕಿಲೋ ಕಟ್ಟಿಗೆ ಬೇಕು! ಹಾಗಾಗಿ ಕಪ್ಪತಗುಡ್ಡದ ಗಾಳಿಯಂತ್ರ ವಿದ್ಯುತ್ ಕೊಟ್ಟು, ಸುಡದೇ ಉಳಿಸುವ ಕಲ್ಲಿದ್ದಲೇ ದೊಡ್ಡದು, ಇದ್ದಿಲು ಆಮೇಲಿನ ಮಾತು.

ಮಾಡುವವರು ಹೊಸ ಇದ್ದಿಲನ್ನು ನೇರ ಹೊಲಕ್ಕೆ ಹಾಕಬೇಡಿ, ಸಾರಜನಕ ಹಿಡಿದುಕೊಳ್ಳುತ್ತದೆ. ತಿಪ್ಪೆಗೊಬ್ಬರದಲ್ಲಿ ಬೆರೆಸಿ ಒಂದೆರಡು ತಿಂಗಳು ಬಿಡಿ. ನಮ್ಮ ಎರೆಭೂಮಿ ಮೊದಲೇ ಕ್ಷಾರ, ಇದ್ದಿಲೂ ಕ್ಷಾರ; ಮಣ್ಣು ಪರೀಕ್ಷೆ ಮಾಡಿಸದೆ ಹೆಚ್ಚು ಸುರಿಯಬೇಡಿ.