ತಾಮ್ರದ ಆಕ್ಸೈಡ್‌ಗಳಲ್ಲಿ ಎಲೆಕ್ಟ್ರಾನುಗಳನ್ನು ಬೆಸೆಯುವುದು ಕಾಂತತ್ವವೇ?

ಕೆಲವು ತಾಮ್ರದ ಆಕ್ಸೈಡ್‌ಗಳು ತಂಪಾದಾಗ ರೋಧವೇ ಇಲ್ಲದೆ ವಿದ್ಯುತ್ ಹರಿಸುತ್ತವೆ. ಈ ಅತಿವಾಹಕತೆಗೆ ಎಲೆಕ್ಟ್ರಾನುಗಳು ಜೋಡಿಯಾಗಬೇಕು; ಅವನ್ನು ಜೋಡಿಸುವುದು ಯಾವುದೆಂಬುದೇ ಇಲ್ಲಿನ ವಾದ.

ಪರ: ಹೌದು, ಬೆಸುಗೆ ಸ್ಪಿನ್‌ಗಳದೇ

ಲ್ಯಾಂಥನಮ್ ತಾಮ್ರದ ಆಕ್ಸೈಡ್‌ನಲ್ಲಿ ನಡೆಯಬೇಕಾದುದೆಲ್ಲ ತಾಮ್ರ ಮತ್ತು ಆಮ್ಲಜನಕದ ತೆಳು ಪದರಗಳಲ್ಲಿ ನಡೆಯುತ್ತದೆ. ಅಂಥ ಒಂದು ಪದರವನ್ನು ಚದುರಂಗದ ಮಣೆಯೆಂದುಕೊಳ್ಳಿ. ಪ್ರತಿ ತಾಮ್ರದ ಬಳಿಯೂ ಒಂದು ಒಂಟಿ ಎಲೆಕ್ಟ್ರಾನ್ ಇದೆ. ಅದರ ಸ್ಪಿನ್, ಎಂದರೆ ಅದನ್ನು ಪುಟ್ಟ ಕಾಂತವಾಗಿಸುವ ಗುಣ, ಯಾವ ಕಡೆಗೆ ಮುಖ ಮಾಡಿದೆಯೋ, ನೆರೆಯದು ಅದಕ್ಕೆ ಬೆನ್ನು ಹಾಕಿ ನಿಂತಿರುತ್ತದೆ. ಸಾಮಾನ್ಯ ಲೆಕ್ಕದಂತೆ ಲೋಹವಾಗಬೇಕಿದ್ದ ಈ ವಸ್ತು ಅವಾಹಕ. ಎಲೆಕ್ಟ್ರಾನುಗಳ ನಡುವಣ ವಿಕರ್ಷಣೆ ಎಷ್ಟು ತೀವ್ರವೆಂದರೆ ಒಂದರ ಮನೆಗೆ ಇನ್ನೊಂದು ಕಾಲಿಡಲಾರದು.

ಈಗ ಕೆಲವು ಲ್ಯಾಂಥನಮ್ ಪರಮಾಣುಗಳ ಜಾಗಕ್ಕೆ ಸ್ಟ್ರಾನ್ಷಿಯಮ್ ಸೇರಿಸಿ. ಪದರದಿಂದ ಎಲೆಕ್ಟ್ರಾನುಗಳು ಕಳೆದು ರಂಧ್ರಗಳು ಉಳಿಯುತ್ತವೆ. ನೂರು ತಾಮ್ರಕ್ಕೆ ಎರಡು ರಂಧ್ರಗಳಾದರೆ ಸ್ಪಿನ್‌ಗಳ ಸಾಲು ಚದುರುತ್ತದೆ. ಐದಾರು ಆಗುವಷ್ಟರಲ್ಲಿ ಅತಿವಾಹಕತೆ ತಲೆಯೆತ್ತುತ್ತದೆ, ಹದಿನಾರರ ಆಸುಪಾಸಿನಲ್ಲಿ 38 ಕೆಲ್ವಿನ್‌ವರೆಗೆ ಏರುತ್ತದೆ. ಸಾಲು ಚದುರಿದರೂ ಸ್ಪಿನ್‌ಗಳು ಸುಮ್ಮನಾಗುವುದಿಲ್ಲ. ನೆರೆಹೊರೆಯ ಸ್ಪಿನ್‌ಗಳ ನಂಟಿನ ಬಲ ತಾಪಮಾನದ ಲೆಕ್ಕದಲ್ಲಿ ಸುಮಾರು 1500 ಕೆಲ್ವಿನ್. ಪಾದರಸವಿರುವ ತಾಮ್ರದ ಆಕ್ಸೈಡ್‌ನ ಅತಿವಾಹಕತೆ 133 ಕೆಲ್ವಿನ್ ಮುಟ್ಟುವುದಕ್ಕೆ ಇಷ್ಟು ಕಸುವಿರುವ ಮೂಲವೇ ಬೇಕು.

ನನ್ನನ್ನು ಪೂರ್ತಿಯಾಗಿ ಒಲಿಸಿದ್ದು 1994ರಲ್ಲಿ ಐಬಿಎಂನಲ್ಲಿ ತ್ಸುಯೆ ಮತ್ತು ಕರ್ಟ್ಲಿ ನಡೆಸಿದ ಪ್ರಯೋಗ. ವಿಕರ್ಷಣೆಯಿಂದ, ಸ್ಪಿನ್‌ಗಳ ಏರಿಳಿತದಿಂದ ಜೋಡಿಯಾಗುವ ಎಲೆಕ್ಟ್ರಾನುಗಳ ಅಲೆ ಒಂದು ದಿಕ್ಕಿನಲ್ಲಿ ಧನವಾದರೆ ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಋಣವಾಗಬೇಕು ಎಂದು ಸಿದ್ಧಾಂತ ಹೇಳುತ್ತಿತ್ತು. ಅವರು ಮೂರು ದಿಕ್ಕಿಗೆ ತಿರುಗಿದ ಮೂರು ಹರಳುಗಳು ಒಂದೇ ಬಿಂದುವಿನಲ್ಲಿ ಕೂಡುವಂತೆ ಇಟ್ರಿಯಮ್ ಇರುವ ತಾಮ್ರದ ಆಕ್ಸೈಡ್‌ನ ಪೊರೆಯನ್ನು ಬೆಳೆಸಿ, ಅದರಲ್ಲಿ ನಾಲ್ಕು ಪುಟ್ಟ ಉಂಗುರಗಳನ್ನು ಕೆತ್ತಿದರು. ಮೂರರಲ್ಲಿ ಏನೂ ಇರಲಿಲ್ಲ. ಆ ಬಿಂದುವನ್ನು ಸುತ್ತುವರಿದ ನಾಲ್ಕನೆಯದರಲ್ಲಿ ಮಾತ್ರ, ಹೊರಗಿನ ಕಾಂತಕ್ಷೇತ್ರವಿಲ್ಲದೆಯೇ, ಕಾಂತ ಅಭಿವಾಹದ ಒಂದು ಕ್ವಾಂಟಮ್‌ನ, ಎಂದರೆ ಅತಿವಾಹಕ ಉಂಗುರದಲ್ಲಿ ಸಾಮಾನ್ಯವಾಗಿ ಸಿಕ್ಕುವ ಅತಿ ಚಿಕ್ಕ ಪಾಲಿನ, ಸರಿಯಾಗಿ ಅರ್ಧದಷ್ಟು ಸಿಕ್ಕಿತು. ಚಿಹ್ನೆ ಬದಲಾಗದೆ ಹೀಗಾಗುವುದು ಸಾಧ್ಯವಿಲ್ಲ. ಸಿದ್ಧಾಂತವೊಂದು ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಬೀಳುವುದು ಅಪರೂಪ.

ವಿರೋಧ: ಅಕ್ಕಪಕ್ಕ ಇದ್ದ ಮಾತ್ರಕ್ಕೆ ಕಾರಣವಾಗದು

ಆ ಉಂಗುರದ ಪ್ರಯೋಗವನ್ನು ನಾನೂ ತಲೆಬಾಗಿ ಒಪ್ಪುತ್ತೇನೆ. ಆದರೆ ಅದು ಹೇಳುವುದು ಜೋಡಿಯ ಆಕಾರವನ್ನು, ಜೋಡಿಸಿದವರು ಯಾರೆಂಬುದನ್ನಲ್ಲ.

ಈ ಅತಿವಾಹಕತೆಯನ್ನು 1986ರಲ್ಲಿ ಕಂಡುಹಿಡಿದ ಬೆಡ್ನೋರ್ಜ್ ಮತ್ತು ಮುಲ್ಲರ್ ತಾಮ್ರದ ಆಕ್ಸೈಡ್‌ಗಳತ್ತ ಬಂದದ್ದು ಕಾಂತತ್ವವನ್ನು ಹುಡುಕಿಕೊಂಡಲ್ಲ. ಎಲೆಕ್ಟ್ರಾನ್ ತನ್ನ ಸುತ್ತಲಿನ ಪರಮಾಣುಗಳ ಜಾಲವನ್ನೇ ಬಾಗಿಸುವ ಯಾನ್–ಟೆಲ್ಲರ್ ಪರಿಣಾಮವೇ ಅವರ ದಾರಿದೀಪವಾಗಿತ್ತು. ಜಾಲದ ಸುಳಿವು ಆಮೇಲೂ ಅಳಿಸಿಹೋಗಲಿಲ್ಲ. 2001ರಲ್ಲಿ ಬೇರೆ ಬೇರೆ ಕುಟುಂಬಗಳ ಆಕ್ಸೈಡ್‌ಗಳಲ್ಲಿ ಎಲೆಕ್ಟ್ರಾನುಗಳ ಶಕ್ತಿರೇಖೆ ಜಾಲದ ಕಂಪನದ ಶಕ್ತಿಗೆ ಹೊಂದುವ ಜಾಗದಲ್ಲೇ ಬಾಗುವುದು ಕಂಡಿತು. ರಂಧ್ರಗಳು ಕಡಿಮೆಯಿರುವಾಗ ಹಗುರ ಆಮ್ಲಜನಕದ ಬದಲು ಭಾರದ ಆಮ್ಲಜನಕ ಸೇರಿಸಿದರೆ ಅತಿವಾಹಕತೆಯ ತಾಪಮಾನ ಗಮನಾರ್ಹವಾಗಿ ಇಳಿಯುತ್ತದೆ. ಜಾಲಕ್ಕೆ ಇದರಲ್ಲಿ ಕೈಯಿಲ್ಲದಿದ್ದರೆ ಪರಮಾಣುವಿನ ತೂಕಕ್ಕೇನು ಕೆಲಸ? ಹದವಾದ ರಂಧ್ರಗಳಿರುವಾಗ ಈ ಪರಿಣಾಮ ತೀರಾ ಚಿಕ್ಕದಾಗುತ್ತದೆ ಎಂಬುದನ್ನೂ ಹೇಳಲೇಬೇಕು.

ಇನ್ನೊಂದು ಸಂಗತಿ. ಬೆಡ್ನೋರ್ಜ್ ಮತ್ತು ಮುಲ್ಲರ್ ಕಂಡುಕೊಂಡ, ಸ್ಟ್ರಾನ್ಷಿಯಮ್ ಬದಲು ಬೇರಿಯಮ್ ಬೆರಸಿದ ಲ್ಯಾಂಥನಮ್ ಆಕ್ಸೈಡ್‌ನಲ್ಲಿ ಎಂಟು ತಾಮ್ರಕ್ಕೆ ಒಂದು ರಂಧ್ರದ ಲೆಕ್ಕ ಬಂದಾಗ ಸ್ಪಿನ್‌ಗಳು ಪಟ್ಟೆಪಟ್ಟೆಯಾಗಿ ಹೆಪ್ಪುಗಟ್ಟುತ್ತವೆ, ಅತಿವಾಹಕತೆಯ ತಾಪಮಾನ ಕೆಲವೇ ಕೆಲ್ವಿನ್‌ಗೆ ಕುಸಿಯುತ್ತದೆ. ಇಲ್ಲಿ ಕಾಂತತ್ವ ತಾಯಿಯಂತಲ್ಲ, ಪಾಲಿಗೆ ಬಂದ ದಾಯಾದಿಯಂತೆ ವರ್ತಿಸುತ್ತಿದೆ.

ನನ್ನ ನಿಜವಾದ ತಕರಾರು 2013ರ ಎಕ್ಸ್-ಕಿರಣ ಮಾಪನದಿಂದ ಹುಟ್ಟಿದ್ದು. ಸ್ಟ್ರಾನ್ಷಿಯಮ್ ಬೆರಸಿದ ಅದೇ ಲ್ಯಾಂಥನಮ್ ಆಕ್ಸೈಡ್‌ನಲ್ಲಿ ನೂರಕ್ಕೆ ನಲವತ್ತು ರಂಧ್ರಗಳಾಗುವವರೆಗೂ ಸ್ಪಿನ್ ಅಲೆಗಳು ಹೆಚ್ಚುಕಡಿಮೆ ಅದೇ ಶಕ್ತಿಯಲ್ಲಿ ಉಳಿದಿದ್ದವು. ಅಷ್ಟು ಹೊತ್ತಿಗೆ ಅತಿವಾಹಕತೆ ಎಂದೋ ಮಾಯವಾಗಿತ್ತು. ಜೋಡಿ ಕಟ್ಟುವುದು ಕಡಿಮೆ ಶಕ್ತಿಯ ಏರಿಳಿತಗಳು, ಅವು ಕುಂದುತ್ತವೆ ಎಂಬ ಉತ್ತರ ಪರ ಪಕ್ಷದಿಂದ ಬರುತ್ತದೆ. ಆ ಉತ್ತರ ಕೊಡುವವರು ತಮ್ಮ 1500 ಕೆಲ್ವಿನ್‌ನ ವಾದವನ್ನು ಬಿಟ್ಟುಕೊಡಬೇಕಾಗುತ್ತದೆ, ಏಕೆಂದರೆ ಆ ಬಲವನ್ನು ಹೊತ್ತ ಅಲೆಗಳೇ ನಲವತ್ತರಲ್ಲೂ ಉಳಿದಿವೆ. ಬೆಸೆಯುವ ಅಂಟು ಹಾಗೆಯೇ ಇದ್ದೂ ಆ ಹರಳಿನಲ್ಲಿ ಎಲೆಕ್ಟ್ರಾನುಗಳು ಏಕೆ ಜೋಡಿಯಾಗಲಿಲ್ಲ ಎಂಬುದನ್ನು ಅವರು ಮೊದಲು ಹೇಳಲಿ.