ನಲವತ್ತೇಳನೇ ತಿಂಗಳ ಮೇಲ್

ನಮ್ಮ ಚಿಕ್ಕಪ್ಪ ಟಪಾಲು ಸೆಕ್ಷನ್ನಿನಲ್ಲಿದ್ದು ರಿಟೈರ್ ಆದವರು. ತಾರೀಕಿಲ್ಲದ ಕಾಗದವನ್ನು ಕಾಗದ ಅಂತಲೇ ಒಪ್ಪುವವರಲ್ಲ. ಇಂಥವರ ಲ್ಯಾಪ್‌ಟಾಪಿಗೆ ಮಗ ಥಂಡರ್‌ಬರ್ಡ್ ಅನ್ನೋ ಮೇಲ್ ಓದುವ ಸಾಫ್ಟ್‌ವೇರ್ ಹಾಕಿಕೊಟ್ಟ. ಅದರಲ್ಲಿ ಇವತ್ತು ಬಂದ ಮೇಲ್‌ಗಳಿಗೆ ಬರೀ ಗಂಟೆ ಕಾಣುತ್ತದೆ, ತಾರೀಕು ನಾಳೆಯಿಂದ.

"ಬಂದ ದಿನ ಇಲ್ಲದ ತಾರೀಕು ಮಾರನೇ ದಿನ ಹೇಗೋ ಬಂತು? ಹೀಗೆ ಆಮೇಲೆ ತಾರೀಕು ಹಾಕಿದವನಿಗೆ ನಮ್ಮಲ್ಲಿ ಮೆಮೋ ಕೊಡ್ತಿದ್ರು!"

ಇದು ಸುಲಭ. ಸೆಟ್ಟಿಂಗ್ಸ್, ಜನರಲ್, ಕೆಳಗಡೆ ಕಾನ್ಫಿಗ್ ಎಡಿಟರ್. ಅಲ್ಲಿ 'ಡೇಟ್‌ಫಾರ್ಮ್ಯಾಟ್ ಟುಡೇ' ಅಂತ ಹುಡುಕಿ ಸೊನ್ನೆ ಇದ್ದ ಕಡೆ 2 ಹಾಕಿದರೆ ಇವತ್ತಿನ ಮೇಲ್‌ಗೂ ತಾರೀಕು ಬರುತ್ತದೆ. ಫೋನಿನಲ್ಲೇ ಮಾಡಿಸಿದೆ. ಅಲ್ಲಿಗೆ ಸುಮ್ನಿರಬೇಕಿತ್ತು ಅಲ್ವಾ? ಅವರಿಗೆ ತಾರೀಕಿನ ಮಧ್ಯೆ ಓರೆಗೀಟು ಬೇಡ, ಕಚೇರಿಯಲ್ಲಿ ಬರೀತಿದ್ದ ಹಾಗೆ ಅಡ್ಡಗೀಟೇ ಬೇಕು. ಎಲ್ಲೋ ಓದಿ, ಅದೇ ಎಡಿಟರಿನಲ್ಲಿ ದಿನ-ತಿಂಗಳು-ವರ್ಷದ ಪ್ಯಾಟರ್ನನ್ನು (dd-mm-yyyy) ತಾವೇ ಟೈಪ್ ಮಾಡಿದರು. ಎಲ್ಲಾ ಸಣ್ಣ ಅಕ್ಷರದಲ್ಲಿ, ಅಚ್ಚುಕಟ್ಟಾಗಿ.

ಈ ಪ್ಯಾಟರ್ನಿನಲ್ಲಿ ದೊಡ್ಡ ಎಮ್ ಅಂದರೆ ತಿಂಗಳು, ಸಣ್ಣ ಎಮ್ ಅಂದರೆ ನಿಮಿಷ. (ವರ್ಷಕ್ಕೆ ದೊಡ್ಡ ವೈ ಹಾಕಿದ್ದರೆ ಇನ್ನೊಂದು ತಮಾಷೆ, ಡಿಸೆಂಬರ್ ಕೊನೆಯ ದಿನಗಳಲ್ಲಿ ಕೆಲವು ಸಲ ಮುಂದಿನ ವರ್ಷವೇ ಬಂದು ಕೂರುತ್ತದೆ.) ಹಾಗಾಗಿ ಬೆಳಿಗ್ಗೆ 9 ಗಂಟೆ 47 ನಿಮಿಷಕ್ಕೆ ಬಂದ ಮದುವೆ ಕರೆಯೋಲೆ ನಲವತ್ತೇಳನೇ ತಿಂಗಳಿನದಾಯಿತು, ಅದರ ಕೆಳಗಿನದು ಮೂವತ್ತೊಂದನೆಯದು, ಮಧ್ಯದಲ್ಲಿ 9 ಗಂಟೆ 5 ನಿಮಿಷದ ಒಂದು ಮೇಲ್ ಮಾತ್ರ ಮೇ ತಿಂಗಳಿನದು ಅನ್ನೋ ಹಾಗೆ ಸಭ್ಯವಾಗಿ ಕೂತಿತ್ತು.

ಫೋನ್ ಬಂತು. "ಅಧಿಕಮಾಸ ಅಂದ್ರೆ ಒಂದು ತಿಂಗಳು ಜಾಸ್ತಿ ಕಣೋ. ಇವರು ಮೂವತ್ತೈದು ಎಲ್ಲಿಂದ ತಂದ್ರು?"

ನಿಮಿಷದ ವಿಷಯ ಹೇಳಿದೆ. ನಂಬಲಿಲ್ಲ. ಒಂದೊಂದೇ ಮೇಲ್ ತೆಗೆದು ಪಕ್ಕದ ಗಂಟೆ ಜೊತೆ ತಾಳೆ ನೋಡಿ, ಪೂರ್ತಿ ಪುಟ ಮುಗಿದ ಮೇಲೆ "ಹೂಂ" ಅಂದರು. ಎರಡು ದೊಡ್ಡ ಎಮ್ ಹಾಕಿಸಿ, ಥಂಡರ್‌ಬರ್ಡ್ ಮುಚ್ಚಿ ತೆಗೆಸಿದೆ. ಎಲ್ಲಾ ತಾರೀಕೂ ಸರಿಹೋಯಿತು.

ಆದರೂ ಚಿಕ್ಕಪ್ಪನ ದನಿಯಲ್ಲಿ ಖುಷಿ ಇರಲಿಲ್ಲ. ಸರಿಯಾಗಿ ಹತ್ತು ಗಂಟೆಗೆ ಬಂದಿದ್ದ ಕರೆಂಟ್ ಬಿಲ್ಲಿನ ಮೇಲ್‌ಗೆ ತಿಂಗಳು ಸೊನ್ನೆ ಅಂತ ಬಿದ್ದಿತ್ತಂತೆ. "ತಿಂಗಳಿಲ್ಲದ ಬಿಲ್ ಊರ್ಜಿತವಲ್ಲ" ಅಂತ ಅವರಾಗಲೇ ಎರಡು ಪುಟದ ಆಕ್ಷೇಪಣೆ ಬರೆದು, ನಕಲು ಪ್ರತಿಯನ್ನೂ ಫೈಲಿಗೆ ಹಾಕಿಯಾಗಿತ್ತು.